ಹೆದರಬೇಡ ಎಂದ ಬೀಗ

ಬಾಗಿಲು ಮುರಿದಿರಲಿಲ್ಲ. ಚಿಲಕ ಕಿತ್ತು ಬಂದಿರಲಿಲ್ಲ. ಒಳಗಿದ್ದವಳೇ ಎದ್ದು ಬಂದು ಬಾಗಿಲು ತೆಗೆದಿದ್ದಳು.

ದೊಡ್ಡಮ್ಮ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದಾಗ ಒಳಗೆ ಹೊಲಿಗೆ ಯಂತ್ರ ಮಗುಚಿ ಬಿದ್ದಿತ್ತು. ಅದರಡಿಗೆ ಬಲಗೈ ಸಿಕ್ಕಿಸಿಕೊಂಡು ಹೊಲಿಗೆಯವಳು ಬಿದ್ದಿದ್ದಳು. ದೊಡ್ಡಮ್ಮ ಚೀಲ ಬಿಸಾಕಿ ಓಡಿಹೋಗಿ ಭುಜ ಮುಟ್ಟಿದ್ದೇ ತಡ, ಅವಳು ಕಿಟಾರನೆ ಕಿರುಚಿಕೊಂಡಳು.

"ಮುಟ್ಬೇಡಿ! ನೀವೇ ಹೇಳ್ಕೊಟ್ರಿ ಅವನಿಗೆ. ನಿಮ್ಮನ್ನ ನಂಬ್ಕೊಂಡು ಬಂದಿದ್ನಲ್ಲಾ!"

ಅದು ಎಲ್ಲರ ಮನೆಯಂಥ ಮನೆಯಲ್ಲ. ಹೊಡೆಯುವ ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರನ್ನು ಅಡಗಿಸಿಟ್ಟು ಕಾಪಾಡುವ ಸಂಸ್ಥೆಯೊಂದರ ಮನೆ. ಬೇರೆ ಬೇರೆ ಬೀದಿಗಳಲ್ಲಿ ಇಂಥವು ಇನ್ನೂ ಕೆಲವಿವೆ. ಹೊರಗೆ ಬೋರ್ಡಿಲ್ಲ, ಕರೆಗಂಟೆಯಿಲ್ಲ. ಒಂದೊಂದು ಮನೆಗೆ ಒಂದೊಂದು ಗುರುತಿನ ಮಾತು. ಹೊರಗೆ ನಿಂತವರು ಆ ಮಾತು ಹೇಳಿದರೆ ಮಾತ್ರ ಒಳಗಿನವರು ಚಿಲಕ ತೆಗೆಯಬೇಕು. ಹೊಲಿಗೆಯವಳ ಮನೆಯ ಮಾತು: 'ದೊಡ್ಡಮ್ಮ ಸೂಜಿ ಕಳಿಸಿದ್ದಾರೆ.' ಅವಳ ಗಂಡ ಬಾಗಿಲ ಹೊರಗೆ ನಿಂತು, ದನಿ ಬದಲಿಸಿ, ಅಕ್ಷರವೂ ತಪ್ಪದಂತೆ ಅದನ್ನೇ ಹೇಳಿದ್ದ. ಅವಳು ತೆಗೆದಳು. ಅವನು ಯಂತ್ರವನ್ನೇ ಎತ್ತಿ ಅವಳ ಕೈಮೇಲೆ ಕೆಡವಿ ಪರಾರಿಯಾದ.

ಆ ಮಾತು, ಆ ವಿಳಾಸ ಎರಡೂ ಬರೆದಿದ್ದದ್ದು ಒಂದೇ ಕಡೆ. ಸಂಸ್ಥೆಯ ಸರ್ವರ್‌ನಲ್ಲಿ, ಪಾಸ್‌ವರ್ಡ್ ಹಾಕಿ ಮುಚ್ಚಿಟ್ಟ ಒಂದು ಪುಟದಲ್ಲಿ.

* * *

"ಇಲ್ಲೊಂದು ಸಹಿ ಹಾಕು. ಅಷ್ಟೇ ನಿನ್ನ ಕೆಲಸ."

ಮರುದಿನ ಬೆಳಿಗ್ಗೆ ಸಂಸ್ಥೆಯ ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಒಂದು ಕಾಗದವನ್ನು ಮೇಜಿನ ಮೇಲೆ ತನ್ನ ಅಕ್ಕನ ಕಡೆಗೆ ತಳ್ಳಿದ. ಅಕ್ಕ ಅದನ್ನು ಮುಟ್ಟಲಿಲ್ಲ.

"ಏನಂತ ಸಹಿ?"

"ಈ ಲಾಗ್, ಅಂದ್ರೆ ಯಾರು ಯಾವಾಗ ಯಾವ ಪುಟ ತೆಗೆದ್ರು ಅಂತ ಸರ್ವರ್ ಬರೆದಿಟ್ಟ ಲೆಕ್ಕ, ಸರಿಯಾಗಿದೆ, ಯಾರೂ ತಿದ್ದಿಲ್ಲ ಅಂತ."

"ತಿದ್ದಿಲ್ಲ ಅಂತ ನೋಡಿದ ಮೇಲೆ ಹೇಳ್ತೀನಿ. ನೋಡದೆ ಸಹಿ ಹಾಕೋಕೆ ನಾನೇನು ನಿನ್ನ ಠಾಣೆ ರೈಟರಾ?"

ಊರಿನ ಅರ್ಧ ಕಚೇರಿಗಳಿಗೆ ಈಕೆ ಬೀಗದಕ್ಕ. ಕಬ್ಬಿಣದ ಬೀಗಕ್ಕೂ ಈಕೆಗೂ ಸಂಬಂಧವಿಲ್ಲ. ಸಣ್ಣ ಆಸ್ಪತ್ರೆ, ಅಚ್ಚುಕೂಟ, ಗ್ರಂಥಾಲಯಗಳ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವುದು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ಅವಕ್ಕೆ ಪಾಠ ಹೇಳುವುದು, ಇದೇ ಕಸುಬು. ಮಾನಿಟರ್ ಅಂಚಿಗೆ ಪಾಸ್‌ವರ್ಡ್ ಚೀಟಿ ಅಂಟಿಸಿದವರನ್ನು ಕಂಡರೆ ಉರಿದುಬೀಳುತ್ತಾಳೆ. ತಮ್ಮ ಇನ್ಸ್‌ಪೆಕ್ಟರ್ ಆದಮೇಲೂ ಅವನ ಕಿವಿ ಹಿಂಡುವ ಅಭ್ಯಾಸ ಮಾತಿನಲ್ಲಾದರೂ ಉಳಿದುಕೊಂಡಿತ್ತು.

"ಸರಿ, ನೋಡು. ಮೊನ್ನೆ ವಾರದ ಸಭೆ. ಮಧ್ಯಾಹ್ನ ಇದೇ ಆಫೀಸಿನ ಇಂಟರ್‌ನೆಟ್‌ನಿಂದ ದೊಡ್ಡಮ್ಮನ ಹೆಸರಲ್ಲಿ ಮನೆಗಳ ಪುಟ ತೆಗೆದಿದ್ದಾರೆ. ಮಾರನೇ ದಿನವೇ ಗಂಡ ಬಾಗಿಲಿಗೆ ಬಂದ."

"ಮೊನ್ನೆ ಆಫೀಸಲ್ಲಿ ಯಾರಿದ್ರು?"

"ದೊಡ್ಡಮ್ಮ, ಕಾರ್ಯದರ್ಶಿ, ಕೌನ್ಸೆಲರ್. ಮೂರೇ ಜನ. ಇನ್ನೊಂದು ವಿಷಯ ಇದೆ, ಕೇಳು. ಮನೆಗಳ ಪುಟ ನೋಡಿ ಮುಗಿಸಿದ್ದೇ ದೊಡ್ಡಮ್ಮನ ಹೆಸರು ಕೌನ್ಸೆಲಿಂಗ್ ಟಿಪ್ಪಣಿಗಳ ಪುಟಕ್ಕೂ ಕೈ ಹಾಕಿದೆ. ಅದು ಇವರಿಗೆ ಸಂಬಂಧವೇ ಇಲ್ಲದ ಪುಟ. ಸರ್ವರ್ ಒಳಗೆ ಬಿಡಲಿಲ್ಲ. ಒಂದು ಕದ್ದದ್ದು ಸಾಲದು ಅಂತ ಇನ್ನೊಂದು!"

ಗೋಡೆ ಪಕ್ಕದ ಬೆಂಚಿನಲ್ಲಿ ದೊಡ್ಡಮ್ಮ ಕೂತಿದ್ದಳು. ಆ ಮನೆಗಳ ಮೇಲ್ವಿಚಾರಕಿ. ದಪ್ಪ ಕನ್ನಡಕ, ಬತ್ತಿದ ಕೆನ್ನೆ. ರಾತ್ರಿಯಿಡೀ ನಿದ್ದೆ ಮಾಡಿಲ್ಲವೆಂದು ಕಣ್ಣುಗಳೇ ಹೇಳುತ್ತಿದ್ದವು.

"ಮೊನ್ನೆ ನಾನು ಕಂಪ್ಯೂಟರ್ ಮುಟ್ಟೇ ಇಲ್ಲಪ್ಪ," ಎಂದಳು. ಎಷ್ಟನೇ ಸಲವೋ.

"ಎಲ್ಲಿದ್ರಿ ಮತ್ತೆ ಆ ಹೊತ್ತಲ್ಲಿ?"

"ಈ ಕಾರ್ಯದರ್ಶಿಯವ್ರ ರೂಮಲ್ಲೇ. ಮಧ್ಯೆ ಒಂದ್ಸಲ ಎದ್ದು ನೀರು ಕುಡಿದು ಬಂದೆ."

"ಹೌದು, ಎದ್ದುಹೋಗಿದ್ರು," ಎಂದರು ಕಾರ್ಯದರ್ಶಿ. ನಿವೃತ್ತ ಮುಖ್ಯೋಪಾಧ್ಯಾಯಿನಿ. ಸುಳ್ಳು ಹೇಳಿ ಗೊತ್ತಿಲ್ಲದ ಬಾಯಿ, ಅದೇ ಈಗ ದೊಡ್ಡಮ್ಮನ ಕೊರಳಿಗೆ ಉರುಲಾಗಿತ್ತು. "ಮನೆಗಳ ಪುಟ ತೆಗೆಯೋಕೆ ನಮ್ಮಿಬ್ಬರಿಗೆ ಮಾತ್ರ ಅನುಮತಿ. ನಾನಂತೂ ತೆಗೆದಿಲ್ಲ. ನನಗೂ ಏನು ಹೇಳಬೇಕೋ ತಿಳೀತಿಲ್ಲ."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಕೌನ್ಸೆಲರ್ ಹೊರಬಂದಳು. ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಮಡಿಸಿದ ಶಾಲು. ಮುರಿದ ಎಷ್ಟೋ ಸಂಸಾರಗಳನ್ನು ರಾಜಿ ಮಾಡಿಸಿದವಳೆಂದು ಎಲ್ಲರೂ ಕರೆಯುವುದೇ ರಾಜಿ ಮೇಡಂ ಎಂದು. ಬಂದವಳೇ ದೊಡ್ಡಮ್ಮನ ಭುಜ ತಬ್ಬಿದಳು.

"ನಾನಂತೂ ನಂಬಲ್ಲ ದೊಡ್ಡಮ್ಮ. ನೀವು ಹಾಗೆ ಮಾಡೋರಾ? ಏನೋ ಮರೆವಿನಲ್ಲಿ ಯಾರ ಹತ್ರನೋ ಬಾಯಿ ಬಿಟ್ಟಿರ್ತೀರ."

"ಮೊನ್ನೆ ಇವರು ಕಂಪ್ಯೂಟರ್ ಮುಂದೆ ಕೂತಿದ್ದನ್ನ ನೀವು ನೋಡಿದ್ರಾ?" ಎಂದು ಬೀಗದಕ್ಕ ಕೇಳಿದಳು.

"ಹಾಲ್‌ನ ಕಂಪ್ಯೂಟರ್ ಹತ್ರ ಓಡಾಡ್ತಿದ್ದ ಹಾಗೆ ನೆನಪು. ಖಂಡಿತ ಅಂತ ಹೇಳಲ್ಲಪ್ಪ, ಪಾಪ. ನಾನು ನನ್ನ ರೂಮಲ್ಲಿ ಬಾಗಿಲು ಹಾಕ್ಕೊಂಡು ಟಿಪ್ಪಣಿ ಬರೀತಿದ್ದೆ, ಒಬ್ಬಳೇ."

"ಎಲ್ಲಿಗೆ ಹೊರಟ್ರಿ?"

"ಆಸ್ಪತ್ರೆಗೆ. ಮಧ್ಯಾಹ್ನ ಅವಳನ್ನ ಕಳಿಸ್ತಾರಂತೆ."

ಹೊಲಿಗೆಯವಳು ಸಂಸ್ಥೆಯ ಯಾವ ಮನೆಗೂ ಬರುವುದಿಲ್ಲವೆಂದು ಹಟ ಹಿಡಿದಿದ್ದಳು. ದೊಡ್ಡಮ್ಮನ ಮುಖ ನೋಡಿದರೆ ಹೆದರಿ ಗೋಡೆ ಕಡೆ ತಿರುಗುತ್ತಿದ್ದಳು. ತವರಿಗೆ ಹೋಗುತ್ತೇನೆ ಅನ್ನುತ್ತಿದ್ದಳು. ತವರಿನ ದಾರಿ ಗಂಡನಿಗೆ ಅಂಗೈ ರೇಖೆಯಷ್ಟು ಪರಿಚಿತ, ಅವನಿನ್ನೂ ಸಿಕ್ಕಿರಲಿಲ್ಲ.

"ಅದಕ್ಕೇ ನಮ್ಮನೆಗೇ ಕರ್ಕೊಂಡು ಹೋಗ್ತೀನಿ ಅಂದೆ," ಎಂದಳು ರಾಜಿ ಮೇಡಂ. "ನಾಲ್ಕು ದಿನ ಇರ್ಲಿ. ಮನಸ್ಸು ತಿಳಿಯಾಗ್ಲಿ."

"ನೀವಿಲ್ಲದಿದ್ರೆ ಏನು ಗತಿಯಿತ್ತೋ," ಎಂದು ಕಾರ್ಯದರ್ಶಿ ನಿಟ್ಟುಸಿರಿಟ್ಟರು.

ರಾಜಿ ಮೇಡಂ ಹೊರಟುಹೋದಳು. ದೊಡ್ಡಮ್ಮ ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಕೂತಳು.

"ಅಕ್ಕಾ, ಸಂಜೆಯೊಳಗೆ ಇವರನ್ನ ಕರ್ಕೊಂಡು ಹೋಗ್ಲೇಬೇಕು ನಾನು," ಎಂದು ಇನ್ಸ್‌ಪೆಕ್ಟರ್ ದನಿ ತಗ್ಗಿಸಿ ಹೇಳಿದ. "ಮೇಲಿನವರ ಫೋನ್ ಮೇಲೆ ಫೋನ್. ನನ್ನ ಕೈಲೇನಿಲ್ಲ."

"ಸಂಜೆ ಆಗ್ಲಿ. ಈಗಿನ್ನೂ ಬೆಳಿಗ್ಗೆ. ಬಾಯಿ ಮುಚ್ಕೊಂಡು ಕೂತ್ಕೋ."

* * *

ಬೀಗದಕ್ಕ ಮೊದಲು ನೋಡಿದ್ದು ಬಾಗಿಲನ್ನೇ.

ಪಾಸ್‌ವರ್ಡ್ ಹಾಕಿದ್ದೇವೆಂದು ಜನ ಅಂದುಕೊಂಡಿರುತ್ತಾರೆ, ಸರ್ವರ್ ಆ ಮಾತನ್ನು ಕಿವಿಗೇ ಹಾಕಿಕೊಂಡಿರುವುದಿಲ್ಲ. ಬೀಗದ ಕಡತ ಒಂದು ಕಡೆ, ಅದನ್ನು ಲೆಕ್ಕಕ್ಕೆ ತಗೊಳ್ಳಬೇಡ ಎನ್ನುವ ಆಜ್ಞೆ ಇನ್ನೊಂದು ಕಡೆ. ಎಷ್ಟು ಕಚೇರಿಗಳಲ್ಲಿ ಆಕೆ ಇದನ್ನು ಕಂಡು ತಲೆ ಚಚ್ಚಿಕೊಂಡಿಲ್ಲ! ಇಲ್ಲಿ ಹಾಗಾಗಿದ್ದರೆ ದಾರಿಹೋಕರು ಯಾರು ಬೇಕಾದರೂ ಒಳಗೆ ಬಂದಿರಬಹುದು.

ತನ್ನ ಲ್ಯಾಪ್‌ಟಾಪಿನಿಂದ ಮನೆಗಳ ಪುಟ ತಟ್ಟಿದಳು. ಹೆಸರು, ಪಾಸ್‌ವರ್ಡ್ ಕೇಳಿತು. ಸುಮ್ಮನೆ ಏನೋ ಒತ್ತಿದಳು. ಆಗದು ಎಂದಿತು. ಪುಟದ ಇನ್ನೊಂದು ಪ್ರತಿ ಬೇರೆಲ್ಲಾದರೂ ಬಿದ್ದಿದೆಯೇ ಎಂದು ಸರ್ವರ್‌ನ ಮೂಲೆ ಮೂಲೆ ಹುಡುಕಿದಳು. ಇಲ್ಲ. ಅನುಮತಿಯ ಸಾಲು ತೆಗೆದಳು. ಮನೆಗಳ ಪುಟಕ್ಕೆ ಇಬ್ಬರು: ದೊಡ್ಡಮ್ಮ, ಕಾರ್ಯದರ್ಶಿ. ಟಿಪ್ಪಣಿಗಳ ಪುಟಕ್ಕೆ ಒಬ್ಬರೇ: ಕೌನ್ಸೆಲರ್. ಲಾಗ್‌ನಲ್ಲಿ ಯಾರೂ ಕೈಯಾಡಿಸಿದ ಗುರುತಿಲ್ಲ.

"ಎಲ್ಲ ಸರಿಯಾಗೇ ಇದೆ," ಎಂದಳು.

"ಹಾಗಾದ್ರೆ ಸಹಿ?"

"ಎಲ್ಲ ಸರಿ ಇದ್ರೇನೇ ನನಗೆ ಅನುಮಾನ ಕಣೋ. ಈ ಪಾಸ್‌ವರ್ಡ್‌ಗಳನ್ನ ಯಾರು ಇಟ್ಟಿದ್ದು?"

"ನಾನೇ," ಎಂದರು ಕಾರ್ಯದರ್ಶಿ. "ನನ್ನ ಸೋದರಳಿಯ ಸರ್ವರ್ ಹಾಕಿಕೊಟ್ಟ. ಪಾಸ್‌ವರ್ಡ್ ಮರೀಬಾರದು ಅಂತ ನಾನೇ ಒಂದು ಉಪಾಯ ಹೇಳಿದೆ. ಅದೋ ನೋಡಿ."

ಎದುರಿನ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ ಬರೆಸಿತ್ತು. ಹೆದರಬೇಡ.

"ಇಲ್ಲಿಗೆ ಬಂದವರಿಗೆ ನಾವು ಹೇಳೋ ಮೊದಲ ಮಾತು ಅದು. ಎಲ್ಲರ ಪಾಸ್‌ವರ್ಡೂ ಅದರಿಂದಲೇ ಶುರು, ಇಂಗ್ಲಿಷ್ ಅಕ್ಷರದಲ್ಲಿ. ಮುಂದಿನ ಪದ ಅವರವರದ್ದು. ಗುಟ್ಟು ಇರೋದು ಆ ಬಾಲದಲ್ಲಿ. ನನ್ನ ಬಾಲ ಯಾರಿಗೂ ಗೊತ್ತಿಲ್ಲ, ಅವರದ್ದು ನನಗೆ ಗೊತ್ತಿಲ್ಲ. ಉದ್ದ ಇದ್ದಷ್ಟೂ ಭದ್ರ ಅಲ್ವಾ?"

"ಹೂಂ," ಎಂದಳು ಬೀಗದಕ್ಕ. ಮೆಚ್ಚಿದಂತೆಯೂ ಇರಲಿಲ್ಲ, ಬೈದಂತೆಯೂ ಇರಲಿಲ್ಲ. "ದೊಡ್ಡಮ್ಮ, ಒಂದ್ಸಲ ಇಲ್ಲಿ ಬಂದು ಪುಟ ತೆಗೀರಿ. ನೀವು ಹೇಗೆ ತೆಗೀತೀರೋ ನೋಡ್ಬೇಕು."

ದೊಡ್ಡಮ್ಮ ಅಳುಕುತ್ತ ಬಂದು ಕೂತಳು. ಒಂದೇ ಬೆರಳು. ಕೀಲಿಮಣೆಗೆ ಮೂಗು ತಾಗುವಷ್ಟು ಬಗ್ಗಿ, ಒಂದೊಂದೇ ಅಕ್ಷರ ಹುಡುಕಿ, ಬಾಯಲ್ಲಿ ಗೊಣಗುತ್ತ ಒತ್ತಿದಳು. "ಹೆ... ದ... ರ... ಬೇ... ಡ..." ಕನ್ನಡಕ ಸರಿಸಿಕೊಂಡಳು. "ಮ... ಗ... ಳೇ." ಎಂಟರ್ ಒತ್ತಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಬಾಯಲ್ಲೇ ಹೇಳ್ಬಿಟ್ನಲ್ಲಾ!"

ಪುಟ ತೆರೆದುಕೊಂಡಿತು.

"ನೋಡಿದ್ಯಾ? ಬರುತ್ತೆ ಅವರಿಗೆ," ಎಂದ ಇನ್ಸ್‌ಪೆಕ್ಟರ್.

ಬೀಗದಕ್ಕ ಪರದೆಯನ್ನು ನೋಡಿರಲೇ ಇಲ್ಲ, ಬೆರಳನ್ನು ನೋಡುತ್ತಿದ್ದಳು. 'ಮಗಳೇ' ಎನ್ನುವಾಗ ಆ ಬೆರಳು ಎಮ್ ಮೇಲೆ ಬಿದ್ದಿರಲಿಲ್ಲ. ಪಕ್ಕದ ಎನ್ ಮೇಲೆ ಬಿದ್ದಿತ್ತು. ದೊಡ್ಡಮ್ಮ ಬರೆದದ್ದು 'ಹೆದರಬೇಡ ನಗಳೇ'.

"ದೊಡ್ಡಮ್ಮ, ಪಾಸ್‌ವರ್ಡ್ ತಪ್ಪು ಅಂತ ಇದು ನಿಮಗೆ ಯಾವತ್ತಾದ್ರೂ ಹೇಳಿದೆಯಾ?"

"ಇಲ್ಲಮ್ಮ. ನನ್ನ ಕಣ್ಣು, ನನ್ನ ಬೆರಳು ಹೀಗಿದ್ರೂ ಒಂದೇ ಏಟಿಗೆ ತೆಗೆಯುತ್ತೆ. ಒಳ್ಳೇ ಬೀಗ."

ಬೀಗದಕ್ಕ ದೋಷಗಳ ಲಾಗ್ ತೆಗೆದಳು. ತಪ್ಪು ಪಾಸ್‌ವರ್ಡ್ ಬಿದ್ದರೆ ಸರ್ವರ್ ಅಲ್ಲಿ ಗುರುತು ಹಾಕುತ್ತದೆ. ತಿಂಗಳುಗಟ್ಟಲೆ ಹಿಂದೆ ಹೋದಳು. ಕನ್ನಡಕವಿದ್ದೂ ಎಮ್‌ಗೂ ಎನ್‌ಗೂ ವ್ಯತ್ಯಾಸ ಕಾಣದ ಹೆಂಗಸು ಇಷ್ಟು ಕಾಲದಲ್ಲಿ ಒಮ್ಮೆಯೂ ತಪ್ಪು ಒತ್ತಿರಲಿಲ್ಲ! ಅವಳ ಹೆಸರಲ್ಲಿ ತಪ್ಪು ಪಾಸ್‌ವರ್ಡಿನ ಒಂದೇ ಒಂದು ಸಾಲೂ ಇಲ್ಲ.

ಬೀಗದಕ್ಕ ಬ್ರೌಸರ್ ಮುಚ್ಚಿ ಮತ್ತೆ ತೆರೆದಳು. ದೊಡ್ಡಮ್ಮನ ಹೆಸರು ಬರೆದಳು. ಪಾಸ್‌ವರ್ಡ್ ಜಾಗದಲ್ಲಿ ನಿಧಾನವಾಗಿ, ತಮ್ಮನಿಗೆ ಕಾಣುವಂತೆ, ಬೇರೆಯದನ್ನೇ ಒತ್ತಿದಳು.

"ಏನು ಹಾಕಿದೆ?"

"ಹೆದರಬೇಕು."

ಪುಟ ತೆರೆದುಕೊಂಡಿತು.

ಕಾರ್ಯದರ್ಶಿ ಕುರ್ಚಿ ಹಿಡಿದುಕೊಂಡರು. ಗೋಡೆಯ ಮೇಲಿನ ಪದವನ್ನೂ ಪರದೆಯನ್ನೂ ಮತ್ತೆ ಮತ್ತೆ ನೋಡಿದರು.

* * *

"ಎಂಟೇ ಅಕ್ಷರ," ಎಂದಳು ಬೀಗದಕ್ಕ. "ನಿಮ್ಮ ಸೋದರಳಿಯ ಹಾಕಿದ್ದು ಹಳೇ ಕಾಲದ ಬೀಗ. ಎಷ್ಟೇ ಉದ್ದದ ಪಾಸ್‌ವರ್ಡ್ ಕೊಡಿ, ಮೊದಲ ಎಂಟಕ್ಷರ ನೋಡುತ್ತೆ, ಉಳಿದದ್ದನ್ನ ಗಾಳಿಗೆ ತೂರುತ್ತೆ. ಎಣಿಸಿ. ಎಚ್, ಇ, ಡಿ, ಎ, ಆರ್, ಎ, ಬಿ, ಇ. ಎಂಟು ಮುಗೀತು. 'ಹೆದರಬೇ' ಅನ್ನೋವರೆಗೆ ಕೇಳಿಸ್ಕೊಂಡು ಬಾಗಿಲು ತೆಗೆಯುತ್ತೆ. ಮುಂದೆ ಬೇಡ ಅಂದ್ರೋ ಬೇಕು ಅಂದ್ರೋ ಅದಕ್ಕೆ ಗೊತ್ತೇ ಆಗಲ್ಲ."

"ಹಾಗಾದ್ರೆ ನಮ್ಮ ಬಾಲಗಳು?"

"ಬರೀ ಬಾಲಗಳು. ಅಲ್ಲಾಡಿಸೋಕೆ ಮಾತ್ರ. ಎಲ್ಲರ ಪಾಸ್‌ವರ್ಡೂ ಒಂದೇ ಮೇಡಂ. ನಿಮ್ಮಲ್ಲಿ ಯಾರು ಬೇಕಾದ್ರೂ ಯಾರ ಹೆಸರಲ್ಲಿ ಬೇಕಾದ್ರೂ ಒಳಗೆ ಹೋಗ್ಬಹುದು."

ಕಾರ್ಯದರ್ಶಿಯ ಮುಖ ಕಪ್ಪಿಟ್ಟಿತು. ಪಾಪ, ಧೈರ್ಯದ ಪದವೆಂದು ಆರಿಸಿಕೊಂಡಿದ್ದರು. ಇನ್ಸ್‌ಪೆಕ್ಟರ್‌ಗೆ ಮಾತ್ರ ಹೊಸ ಹುರುಪು ಬಂತು. ಅಕ್ಕನನ್ನು ಕಿಟಕಿ ಹತ್ತಿರ ಎಳೆದುಕೊಂಡು ಹೋದ.

"ಅಂದ್ರೆ ಈ ಕಾರ್ಯದರ್ಶಿಯಮ್ಮನೇ. ಉಪಾಯ ಇವರದ್ದು, ಬೀಗ ಇವರ ಸೋದರಳಿಯನದ್ದು. ದೊಡ್ಡಮ್ಮ ನೀರಿಗೆ ಎದ್ದು ಹೋದಾಗ..."

"ನಿನ್ನೆ ಒಬ್ಬರು, ಇವತ್ತು ಇನ್ನೊಬ್ಬರು. ನಿನ್ನ ತಲೆಗೆ ಸ್ವಲ್ಪ ಬ್ರೇಕ್ ಹಾಕು. ಇವರು ದಿನಾ ತಮ್ಮ ಹೆಸರಲ್ಲೇ ಆ ಪುಟ ತೆಗೀತಾರೆ, ವಿಳಾಸ ಇವರಿಗೆ ಬಾಯಿಪಾಠ. ಗೊತ್ತಿರೋ ವಿಳಾಸ ನೋಡೋಕೆ ಇನ್ನೊಬ್ಬರ ಹೆಸರು ಯಾಕೆ ಬೇಕು? ಅದಿರಲಿ, ನನಗೆ ನೀನು ತೋರಿಸಿದ್ದು ಯಾವ ಲಾಗ್?"

"ದೊಡ್ಡಮ್ಮನ ಹೆಸರಿರೋ ಸಾಲುಗಳು. ಹುಡುಕಿ ತೆಗೆಸಿದೆ."

"ಹೆಸರು ಹಾಕಿ ಹುಡುಕಿದ್ರೆ ಆ ಹೆಸರೇ ತಾನೇ ಸಿಗೋದು! ಅಕ್ಕಪಕ್ಕದ ಸಾಲು ನೋಡಿದ್ಯಾ?"

ಇನ್ಸ್‌ಪೆಕ್ಟರ್ ಟೋಪಿ ಸರಿಪಡಿಸಿಕೊಂಡ.

ಬೀಗದಕ್ಕ ಮೊನ್ನೆಯ ಲಾಗನ್ನು ಹೆಸರು ಸೋಸದೆ ಇಡಿಯಾಗಿ ತೆರೆದಳು. ಮಧ್ಯಾಹ್ನದ ಹೊತ್ತಿಗೆ ಬಂದಳು. ಓದಿದಳು. ಮತ್ತೊಮ್ಮೆ ಓದಿದಳು. ದೊಡ್ಡಮ್ಮನ ಹೆಸರಿನ ಸಾಲುಗಳ ಹಿಂದೆ ಒಂದು, ಮುಂದೆ ಒಂದು. ಮೊದಲು ಮನೆಗಳ ಪುಟವನ್ನೇ ಸರ್ವರ್‌ನಿಂದ ತೆಗೆದುಹಾಕಿದಳು. ಆಮೇಲೆ ಎದ್ದು ನಿಂತಳು.

"ಆಸ್ಪತ್ರೆಗೆ ಎಷ್ಟು ಹೊತ್ತು ಬೇಕು?"

"ಯಾಕೆ?"

"ಜೀಪ್ ತೆಗಿಯೋ! ದಾರೀಲಿ ಹೇಳ್ತೀನಿ. ದೊಡ್ಡಮ್ಮ, ನೀವೂ ಬನ್ನಿ."

"ನನ್ನ ನೋಡಿದ್ರೆ ಅವಳು ಕಿರುಚ್ತಾಳಮ್ಮ."

"ಕಿರುಚಲಿ. ಬನ್ನಿ."

* * *

ಆಸ್ಪತ್ರೆಯ ಗೇಟಿನ ಹತ್ತಿರ ರಾಜಿ ಮೇಡಂಳ ಬಿಳಿ ಕಾರು ನಿಂತಿತ್ತು. ಹಿಂದಿನ ಬಾಗಿಲು ತೆರೆದಿತ್ತು. ಬಟ್ಟೆಯ ಗಂಟು ಆಗಲೇ ಸೀಟಿನ ಮೇಲಿತ್ತು. ಬೀಗದಕ್ಕ ಮೆಟ್ಟಿಲುಗಳನ್ನು ದಾಪುಗಾಲಿನಲ್ಲಿ ಹತ್ತಿದಳು. ಉದ್ದನೆಯ ಓಣಿಯಂಥ ಪಡಸಾಲೆ. ಕೊನೆಯಲ್ಲಿ ಇಬ್ಬರು ನಡೆದು ಬರುತ್ತಿದ್ದರು. ಪಟ್ಟಿ ಸುತ್ತಿದ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡ ಹೊಲಿಗೆಯವಳು, ಅವಳ ಸೊಂಟ ಬಳಸಿ ಹಿಡಿದ ರಾಜಿ ಮೇಡಂ.

ಅವರ ಹಿಂದೆ ಗೋಡೆಯಿತ್ತು, ಮುಂದೆ ಇನ್ಸ್‌ಪೆಕ್ಟರ್ ನಿಂತ. ದೊಡ್ಡಮ್ಮ ಮೆಟ್ಟಿಲ ಬಳಿಯೇ ಉಳಿದಳು.

"ಏನಾಯ್ತು ಸರ್?" ರಾಜಿ ಮೇಡಂ ನಕ್ಕಳು. "ಅವನು ಸಿಕ್ಕಿದ್ನಾ?"

"ಇನ್ನೂ ಇಲ್ಲ," ಎಂದಳು ಬೀಗದಕ್ಕ. ಏದುಸಿರು ಬಿಡುತ್ತಿದ್ದಳು. "ಮೊನ್ನೆ ನಿಮ್ಮ ರೂಮಲ್ಲಿ ಟಿಪ್ಪಣಿ ಬರೀತಿದ್ರಿ ಅಂದ್ರಲ್ಲ. ನಿಮ್ಮ ಜೊತೆ ಯಾರಾದ್ರೂ ಇದ್ರಾ?"

"ಹೇಳಿದ್ನಲ್ಲ, ಒಬ್ಬಳೇ. ಬಾಗಿಲು ಹಾಕಿತ್ತು. ಇವಳು ಸುಸ್ತಾಗಿದ್ದಾಳೆ, ಆಮೇಲೆ ಮಾತಾಡೋಣ್ವಾ?"

"ನಿಮ್ಮ ಕಂಪ್ಯೂಟರ್ ಬೇರೆ ಯಾರೂ ಮುಟ್ಟಿಲ್ಲ?"

"ಇಲ್ಲ."

"ಹಾಗಾದ್ರೆ ದೊಡ್ಡಮ್ಮನ ಹೆಸರಲ್ಲಿ ಮನೆಗಳ ಪುಟಕ್ಕೆ ಹೋಗಿದ್ದು ನೀವು."

ಹೊಲಿಗೆಯವಳು ತಲೆ ಎತ್ತಿದಳು. ರಾಜಿ ಮೇಡಂಳ ನಗು ಹಾಗೇ ಇತ್ತು, ಕಣ್ಣು ಮಾತ್ರ ಜಾಗ ಬಿಟ್ಟಿತ್ತು.

"ಏನು ಮಾತಾಡ್ತಿದ್ದೀರ! ಲಾಗ್‌ನಲ್ಲಿ ಅವರದ್ದೇ ಹೆಸರಿದೆ ಅಂತ ಇವರೇ ಹೇಳಿದ್ರು."

"ಹೆಸರು ಅವರದ್ದು, ನಿಜ. ಕೇಳಿಸ್ಕೊಳ್ಳಿ, ನೀನೂ ಕೇಳಮ್ಮ, ಇದು ನಿನಗೆ ಗೊತ್ತಾಗ್ಲೇಬೇಕು." ಬೀಗದಕ್ಕ ಹೊಲಿಗೆಯವಳ ಕಡೆ ತಿರುಗಿದಳು. "ಈ ಬ್ರೌಸರ್ ಅನ್ನೋದಿದೆಯಲ್ಲ, ಅದಕ್ಕೊಂದು ಚಾಳಿ. ಒಂದ್ಸಲ ಯಾವ ಹೆಸರು ಹೇಳಿ ಒಳಗೆ ಹೋದೆಯೋ, ಮುಚ್ಚೋವರೆಗೂ ಪ್ರತಿ ಬಾಗಿಲಲ್ಲೂ ಅದೇ ಹೆಸರನ್ನ ಒದರುತ್ತೆ. ನೀನು ಹೇಳದಿದ್ರೂ ಅದು ಹೇಳುತ್ತೆ. ಮೊನ್ನೆ ಇವರು ತಮ್ಮ ಹೆಸರಲ್ಲಿ ಟಿಪ್ಪಣಿ ಪುಟ ತೆಗೆದು ಕೂತಿದ್ರು. ಅದು ಲಾಗ್‌ನಲ್ಲಿದೆ. ಅಲ್ಲಿಂದ ಮನೆಗಳ ಪುಟಕ್ಕೆ ಹೋದ್ರು. ಬ್ರೌಸರ್ ಇವರ ಹೆಸರನ್ನೇ ಹೇಳ್ತು. ಇವರಿಗೆ ಅನುಮತಿ ಇಲ್ಲ, ಸರ್ವರ್ ತಡೀತು. ಅದೂ ಲಾಗ್‌ನಲ್ಲಿದೆ. ಉಸಿರು ಎಳೆದು ಬಿಡೋಷ್ಟರಲ್ಲಿ ಅದೇ ಬಾಗಿಲಲ್ಲಿ ದೊಡ್ಡಮ್ಮನ ಹೆಸರು. ಬಾಗಿಲು ತೆಗೀತು."

"ಅದು ಅವರು ಹಾಲ್‌ನಿಂದ..."

"ತಡೀರಿ, ಮುಗಿದಿಲ್ಲ. ಪುಟ ನೋಡಿಯಾಯ್ತು. ನೀವು ಮತ್ತೆ ನಿಮ್ಮ ಟಿಪ್ಪಣಿಗೆ ವಾಪಸ್ ಹೋದ್ರಿ. ಬ್ರೌಸರ್ ಮುಚ್ಚೋಕೆ ಮರೆತ್ರಿ. ಅದು ನಿಮ್ಮ ಟಿಪ್ಪಣಿಯ ಬಾಗಿಲಲ್ಲಿ ನಿಂತು 'ದೊಡ್ಡಮ್ಮ ಬಂದಿದ್ದಾರೆ' ಅಂತು. ಸರ್ವರ್ ಬಿಡಲಿಲ್ಲ. ನೀವು ಮತ್ತೆ ನಿಮ್ಮ ಹೆಸರು ಬರೆದ್ರಿ. ಬಿಡ್ತು. ದೊಡ್ಡಮ್ಮ ಟಿಪ್ಪಣಿ ಕದಿಯೋಕೆ ಹೋದ್ರು ಅಂತ ನನ್ನ ತಮ್ಮ ಕುಣಿದಾಡ್ತಿದ್ದ ಸಾಲು ಅದೇ. ದೊಡ್ಡಮ್ಮನ ಹಿಂದೆ ನೀವು, ಮುಂದೆ ನೀವು. ಬಾಗಿಲು ಹಾಕಿದ ರೂಮಲ್ಲಿ ಒಬ್ಬರೇ ಇದ್ದದ್ದು ಅಂತ ನಿಮ್ಮ ಬಾಯಲ್ಲೇ ಹೇಳಿದ್ದೀರ."

ಪಡಸಾಲೆಯಲ್ಲಿ ಯಾರದೋ ಚಪ್ಪಲಿ ಸದ್ದು ದೂರ ಹೋಯಿತು. ರಾಜಿ ಮೇಡಂ ಶಾಲನ್ನು ಹೊಲಿಗೆಯವಳ ಭುಜಕ್ಕೆ ಹೊದಿಸಿದಳು.

"ಪಾಸ್‌ವರ್ಡ್ ನನಗೆ ಹೇಗೆ ಗೊತ್ತಾಗುತ್ತೆ?" ಎಂದಳು. ದನಿಯಲ್ಲಿ ಜೀವವಿರಲಿಲ್ಲ.

"ಗೊತ್ತಾಗಬೇಕಿರಲಿಲ್ಲ. ನಿಮ್ಮದೇ ಸಾಕಿತ್ತು. ಅದನ್ನ ನೀವು ಯಾವಾಗ ಕಂಡುಹಿಡಿದ್ರಿ ಅನ್ನೋದೊಂದೇ ನನಗೆ ಗೊತ್ತಿಲ್ಲ."

ರಾಜಿ ಮೇಡಂ ಹೊಲಿಗೆಯವಳ ಸೊಂಟದಿಂದ ಕೈ ತೆಗೆದಳು.

"ಹಾಲ್‌ನ ಕಂಪ್ಯೂಟರ್‌ನಲ್ಲಿ," ಎಂದಳು ಮೆಲ್ಲಗೆ. "ದೊಡ್ಡಮ್ಮನ ಹೆಸರು ಮೊದಲೇ ತುಂಬಿತ್ತು. ನೋಡ್ದೆ ನನ್ನ ಪಾಸ್‌ವರ್ಡ್ ಹಾಕ್ಬಿಟ್ಟೆ, ಕೈ ಅಭ್ಯಾಸ. ಮನೆಗಳೆಲ್ಲ ಕಂಡವು. ಯಾರಿಗೂ ಹೇಳ್ಲಿಲ್ಲ." ಒಮ್ಮೆಲೇ ಅವಳ ಮಾತಿಗೆ ವೇಗ ಬಂತು. "ಅವನು ನನ್ನ ಮುಂದೆ ಮಗು ಹಾಗೆ ಅತ್ತ ಗೊತ್ತಾ? ಒಂದ್ಸಲ ಮಾತಾಡಿಸಿ ಬರ್ತೀನಿ, ಕಾಲಿಗೆ ಬೀಳ್ತೀನಿ ಅಂದ. ಇಪ್ಪತ್ತು ವರ್ಷದಿಂದ ಸಂಸಾರ ಜೋಡಿಸ್ತಿದ್ದೀನಿ ನಾನು. ಕಣ್ಣೀರು ನಿಜವೋ ಸುಳ್ಳೋ ನನಗೆ ಗೊತ್ತಾಗಲ್ವಾ? ಯಂತ್ರ ಜಾರಿ ಬಿತ್ತು ಅಂದ. ಬೇಕಂತ ಮಾಡಿದ್ದಲ್ಲವಂತೆ..."

"ಅಂದ? ಯಾವಾಗ ಅಂದ?" ಇನ್ಸ್‌ಪೆಕ್ಟರ್ ಒಂದು ಹೆಜ್ಜೆ ಮುಂದೆ ಬಂದ. "ನಿನ್ನೆ ಮಧ್ಯಾಹ್ನದಿಂದ ಇಡೀ ಠಾಣೆ ಅವನನ್ನ ಹುಡುಕ್ತಿದೆ. ನಿಮ್ಮ ಹತ್ರ ಯಾವಾಗ ಅಂದ?"

ರಾಜಿ ಮೇಡಂ ನೋಡುತ್ತಿದ್ದದ್ದು ಹೊಲಿಗೆಯವಳನ್ನು, ಇನ್ನೂ ಒಪ್ಪಿಸಬಲ್ಲೆ ಎನ್ನುವಂತೆ.

"ಅವನೆಲ್ಲಿ?" ಎಂದಳು ಬೀಗದಕ್ಕ.

"ನಮ್ಮನೆ ಮಹಡಿ ರೂಮಲ್ಲಿ ಕಾಯ್ತಿದ್ದಾನೆ. ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ, ಪಾಪ. ಇಬ್ಬರೂ ಎದುರು ಬದುರು ಕೂತು ಮಾತಾಡಿದ್ರೆ..."

ಹೊಲಿಗೆಯವಳು ಅವಳಿಂದ ದೂರ ಸರಿದಳು. ಗೋಡೆ ಪಕ್ಕದ ಬೆಂಚಿನ ಮೇಲೆ ಕುಸಿದಳು. ಗೇಟಿನಲ್ಲಿ ಕಾರಿನ ಬಾಗಿಲು ತೆರೆದು ನಿಂತಿತ್ತು, ಗಂಟು ಆಗಲೇ ಒಳಗಿತ್ತು. ಇನ್ನು ನಾಲ್ಕು ಹೆಜ್ಜೆ ತಡವಾಗಿದ್ದರೆ, ಅಷ್ಟೇ. ಬೀಗದಕ್ಕ ರಾಜಿ ಮೇಡಂಳ ಎದುರಿಗೇ ಬಂದು ನಿಂತಳು.

"ನಾಚಿಕೆ ಆಗಲ್ವಾ ನಿಮಗೆ? ಬೆಳಿಗ್ಗೆ ಆ ಹೆಂಗಸಿನ ಭುಜ ತಬ್ಬಿ ಸಮಾಧಾನ ಹೇಳಿದ್ರಲ್ಲ! ಅವರನ್ನ ಸಂಜೆ ಜೈಲಿಗೆ ಕಳಿಸಿ, ಇವಳನ್ನ ಆ ಮಹಡಿ ಹತ್ತಿಸಿ, ರಾತ್ರಿ ನೆಮ್ಮದಿಯಾಗಿ ಮಲಗ್ತಿದ್ರಾ?"

ರಾಜಿ ಮೇಡಂ ಈಗ ಅತ್ತಳು. ಯಾರೂ ಹತ್ತಿರ ಹೋಗಲಿಲ್ಲ. ಇನ್ಸ್‌ಪೆಕ್ಟರ್ ಆಗಲೇ ಫೋನಿನಲ್ಲಿದ್ದ.

* * *

ಗಂಡ ಸಿಕ್ಕಿದ ಸುದ್ದಿ ಬರುವವರೆಗೆ ಹೊಲಿಗೆಯವಳು ಪಡಸಾಲೆಯ ಬೆಂಚಿನಿಂದ ಏಳಲಿಲ್ಲ. ನೀರು ಕೊಟ್ಟರೆ ಕುಡಿಯಲಿಲ್ಲ. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿತ್ತು. ಫೋನ್ ಬಂತು. ಇನ್ಸ್‌ಪೆಕ್ಟರ್ ಕೇಳಿಸಿಕೊಂಡು, ಅಕ್ಕನ ಕಡೆ ನೋಡಿ ತಲೆಯಾಡಿಸಿದ.

"ಸಿಕ್ಕಿದ. ಮಹಡಿಯಲ್ಲೇ."

"ಊಟ ಮಾಡಿದ್ನಂತಾ?" ಎಂದಳು ಬೀಗದಕ್ಕ.

"ತಟ್ಟೆ ಮುಂದೇನೇ ಸಿಕ್ಕಿದ್ದು." ಅವನು ಜೇಬಿನಿಂದ ಸಹಿಯಾಗದ ಆ ಕಾಗದ ತೆಗೆದು ಹರಿದ. ಮೆಟ್ಟಿಲ ಬಳಿ ಹೋಗಿ ದೊಡ್ಡಮ್ಮನ ಮುಂದೆ ಟೋಪಿ ತೆಗೆದು ನಿಂತ. "ನನ್ನಿಂದ ತಪ್ಪಾಯ್ತು ದೊಡ್ಡಮ್ಮ."

ದೊಡ್ಡಮ್ಮ ಅವನನ್ನು ನೋಡಲೇ ಇಲ್ಲ. ಮೆಟ್ಟಿಲ ಬಳಿಯ ಕಂಬಕ್ಕೆ ಆತುಕೊಂಡು, ಬೆಂಚಿನ ಕಡೆಗೇ ಕಣ್ಣು ನೆಟ್ಟು ನಿಂತಿದ್ದಳು. ಹತ್ತಿರ ಬರುವ ಧೈರ್ಯವಿರಲಿಲ್ಲ.

ಹೊಲಿಗೆಯವಳು ಬೀಗದಕ್ಕನನ್ನು ಕೇಳಿದಳು. "ನಿಜವಾಗ್ಲೂ ಅವರು ಹೇಳಿಲ್ವಾ?"

"ಅವರ ಹೆಸರನ್ನ ಬೇರೆಯವರು ಬಳಸ್ಕೊಂಡ್ರು. ಅಷ್ಟೇ ಅವರು ಮಾಡಿದ ತಪ್ಪು."

"ಮುಟ್ಬೇಡಿ ಅಂದೆ ಅವರಿಗೆ. ಆ ವಯಸ್ಸಲ್ಲಿ ನನ್ನ ಎತ್ತಿಕೊಳ್ಳೋಕೆ ಬಂದ್ರು, ಒದ್ದುಬಿಟ್ಟೆ." ಅವಳು ಪಟ್ಟಿಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡಳು. "ಇನ್ನು ಯಾವ ಮುಖ ಇಟ್ಕೊಂಡು ಮಾತಾಡ್ಲಿ?"

"ಇರೋ ಮುಖದಲ್ಲೇ ಮಾತಾಡು. ಅವರು ಬೇರೇನೂ ಕೇಳಲ್ಲ."

ಹೊಲಿಗೆಯವಳು ಎಡಗೈ ಊರಿ ಎದ್ದಳು. ಓಡಿಬಂದು ಹಿಡಿಯಬೇಕೋ ಬೇಡವೋ ತಿಳಿಯದೆ ದೊಡ್ಡಮ್ಮ ಅರ್ಧ ದಾರಿಯಲ್ಲಿ ನಿಂತುಬಿಟ್ಟಳು. ಇಬ್ಬರ ನಡುವೆ ಕಿಟಕಿಯ ಬಿಸಿಲು ಬಿದ್ದಿತ್ತು.

"ಹೊಸ ಮನೆ ನೋಡಿದ್ದೀನಿ ಮಗಳೇ," ಎಂದಳು ದೊಡ್ಡಮ್ಮ ತಡವರಿಸುತ್ತ. "ಎಲ್ಲೂ ಬರೆದಿಲ್ಲ. ನನಗೊಬ್ಬಳಿಗೇ ಗೊತ್ತು. ನಿನಗೆ ನಂಬಿಕೆ ಬರೋ ಹಾಗೆ ಮೊದಲು ವಿಳಾಸ ಹೇಳ್ಲಾ? ನೀನೇ ಹೋಗಿ ನೋಡ್ಕೊಂಡು ಬಾ, ಆಮೇಲೆ..."

ಹೊಲಿಗೆಯವಳು ಬೇಡವೆಂದು ತಲೆಯಾಡಿಸಿದಳು. ಪಟ್ಟಿ ಇಲ್ಲದ ಕೈಯನ್ನು ಮುಂದೆ ಚಾಚಿದಳು.

"ಎಲ್ಲಿಗೆ ಅಂತ ಹೇಳ್ಬೇಡಿ. ಕರ್ಕೊಂಡು ಹೋಗಿ."